ಒಣದ್ರಾಕ್ಷಿ ಕೋಣೆಗೆ ಎಷ್ಟು ಡಬ್ಬಿ ಸೀಲಂಟ್?

ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವ ಕೆಟ್ಟ ಚಟ ನನಗೆ ಸಣ್ಣಂದಿನಿಂದ ಇದೆ. ತವರು ನಿಪ್ಪಾಣಿ. ಅವ್ವ ಬೀಡಿ ಕಟ್ಟುತ್ತಿದ್ದಳು, ಇಪ್ಪತ್ತೈದಕ್ಕೊಂದು ಕಟ್ಟು ಮಾಡಿ ದಾರ ಸುತ್ತುವುದು ನನ್ನ ಪಾಲಿಗೆ. ಅಲ್ಲಿ ಹತ್ತಿದ್ದು ಮುಂದೆ ಬಿಡಲೇ ಇಲ್ಲ. ತಂಬಾಕಿನ ಗೋದಾಮಿನ ಹೆಂಚು, ಬಸ್ಸಿನ ಕಿಟಕಿಯ ಸರಳು, ಗುಡಿಯಲ್ಲಿ ಹಾಕಿದ ಪ್ರದಕ್ಷಿಣೆ, ಎಲ್ಲವನ್ನೂ ಎಣಿಸುತ್ತಿದ್ದೆ. ನನ್ನನ್ನು ನೋಡಲು ಬಂದ ದಿನ ಗಂಡಿನ ಕಡೆಯವರು ಎಷ್ಟು ತಟ್ಟೆ ಅವಲಕ್ಕಿ ತಿಂದರು ಅನ್ನುವುದನ್ನು ಈಗಲೂ ಹೇಳಬಲ್ಲೆ. ಹೇಳುವುದಿಲ್ಲ, ನಾನು ಸೇರಿದ ಮನೆಯ ಮಾನದ ಪ್ರಶ್ನೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಲಗ್ನವಾಗಿ ರಾಯಬಾಗಕ್ಕೆ ಬಂದೆ. ನಮ್ಮ ಮನೆಯವರದು ವಿಚಿತ್ರ ಕಸುಬು. ಮೀನು, ಬಟಾಟೆ, ಐಸ್‌ಕ್ರೀಮ್ ಇಡುವ ತಂಪು ಕೋಣೆಗಳಿರುತ್ತವಲ್ಲ, ಅವುಗಳ ಗೋಡೆಗೆ ಒಳಗಿನಿಂದ ಥರ್ಮಾಕೋಲ್ ಹಾಳೆ ಅಂಟಿಸುವುದು. ಬಿಸಿ ಡಾಂಬರು ಬಳಿದು ಹಾಳೆ ಹಚ್ಚಬೇಕು, ಹಾಳೆ ಹಾಳೆಯ ನಡುವಿನ ಸಂದಿಗೆ ಸೀಲಂಟ್ ಅನ್ನುವ ಕರಿ ಮುದ್ದೆ ತುಂಬಬೇಕು. ಒಂದು ಸಂದಿ ಬಿಟ್ಟರೂ ಹೊರಗಿನ ಬಿಸಿ ಗಾಳಿ ಅಲ್ಲಿಂದ ನುಗ್ಗಿ, ಒಳಗಿನ ತಂಪಿಗೆ ನೀರಾಗಿ, ಗೋಡೆ ಬೆವರುತ್ತದೆ. ಆಮೇಲೆ ಮಾಲೂ ಹಾಳು, ಹೆಸರೂ ಹಾಳು.

ಅವರು ಮಿರಜದ ಒಬ್ಬ ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಿದ್ದರು. ಮಿರಜ ನಮಗೆ ದೂರವಲ್ಲ, ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದು. ಆದರೆ ಕೆಲಸ ಮಿರಜದಲ್ಲಿ ಇರಬೇಕಲ್ಲ. ರತ್ನಾಗಿರಿ, ಗೋವಾ, ಒಮ್ಮೆ ಇಂದೂರ. ತಿಂಗಳಿಗೆ ಎರಡು ದಿನ ಮನೆಗೆ ಬರುತ್ತಿದ್ದರು. ಒಂದು ದಿನ ಮಲಗಿ ಕಳೆಯುತ್ತಿದ್ದರು, ಇನ್ನೊಂದು ದಿನ ಬಟ್ಟೆಗೆ ಹತ್ತಿದ ಡಾಂಬರು ಬಿಡಿಸುವುದರಲ್ಲಿ ನನ್ನದು ಮುಗಿಯುತ್ತಿತ್ತು. ಆರು ವರ್ಷದ ಸಂಸಾರದಲ್ಲಿ ಅವರು ಮನೆಯಲ್ಲಿದ್ದ ದಿನಗಳನ್ನು ಎಣಿಸಿ ನೋಡಿದೆ, ಅರ್ಧ ವರ್ಷವೂ ಆಗಲಿಲ್ಲ. ಅಷ್ಟರಲ್ಲಿ ಮಗಳು ಹುಟ್ಟಿ ಎರಡೂವರೆ ವರ್ಷದವಳಾಗಿದ್ದಳು. ನನಗೆ ಬಂಗಾರ ಬೇಡ, ಸೀರೆ ಬೇಡ, ನಾಲ್ಕು ಮಂದಿ ದಿನಾ ಸಂಜೆ ಒಂದೇ ಮನೆಯಲ್ಲಿ ಕೂತು ಉಣ್ಣಬೇಕಾಗಿತ್ತು. ಅದನ್ನು ಅವರಿಗೂ ಅತ್ತೆಗೂ ಬಾಯಿಬಿಟ್ಟು ಹೇಳಿದ್ದೆ, ಒಮ್ಮೆಯಲ್ಲ, ಜಗಳವಾಡಿ ಹತ್ತು ಸಲ.

ಆಗ ಬಂತು ಈ ದ್ರಾಕ್ಷಿಯ ಕೆಲಸ. ತೊಂಬತ್ತರ ದಶಕದ ನಡುವೆ ಅಥಣಿ ಕಡೆಗೆ ದ್ರಾಕ್ಷಿ ಜೋರಾಗಿ ಬೆಳೆಯತೊಡಗಿತ್ತು. ಕಾಗವಾಡದಿಂದ ಅಥಣಿಗೆ ಹೋಗುವ ದಾರಿಯ ಒಂದು ತೋಟದಲ್ಲಿ ಜೈನ ಮನೆತನದವರೊಬ್ಬರು ಒಣದ್ರಾಕ್ಷಿ ಮಾಡುತ್ತಿದ್ದರು. ಎಲ್ಲರೂ ಅವರನ್ನು ಅಣ್ಣಾರು ಅನ್ನುತ್ತಿದ್ದರು. ಒಣದ್ರಾಕ್ಷಿ ಹಸಿರು ಬಂಗಾರದ ಬಣ್ಣ ಇರುವವರೆಗೆ ಚೆಂದ. ಬೇಸಿಗೆಯ ಕಾವಿನಲ್ಲಿ ಬಿಟ್ಟರೆ ಕಪ್ಪಾಗುತ್ತದೆ, ಕಪ್ಪಾದದ್ದನ್ನು ಯಾರೂ ಮೂಸುವುದಿಲ್ಲ. ಅದಕ್ಕೆ ಅಣ್ಣಾರು ತಮ್ಮ ಹಳೆಯ ಬೆಲ್ಲದ ಕೋಣೆಯನ್ನೇ ತಂಪು ಕೋಣೆ ಮಾಡಿಸಲು ಹೊರಟಿದ್ದರು. ನಮ್ಮ ಕಡೆಯವನೇ ಒಬ್ಬ ಇದ್ದಾನಲ್ಲ ಎಂದು ನಮ್ಮವರನ್ನು ಕರೆದರು. ನಮ್ಮವರಿಗೆ ಅದು ಮೊದಲ ಸ್ವಂತ ಕೆಲಸ.

ಅದೇ ವಾರ ಮಿರಜದಿಂದ ಗುತ್ತಿಗೆದಾರರ ಚೀಟಿಯೂ ಬಂದಿತ್ತು: ಗೋವಾದಲ್ಲಿ ಐದು ತಿಂಗಳ ಕೆಲಸ, ಮಳೆಗಾಲಕ್ಕೆ ಮುಂಚೆ ಹೊರಡಬೇಕು. ನಮ್ಮವರು ಆ ಚೀಟಿಯನ್ನು ಕನ್ನಡಿಯ ಹಿಂದೆ ಸಿಕ್ಕಿಸಿ, ತೋಟದ ಕೆಲಸ ಸುಸೂತ್ರ ಆದರೆ ಇಲ್ಲೇ ಸುತ್ತಮುತ್ತ ಕೆಲಸ ಹಿಡಿದು ಮನೆಯಲ್ಲೇ ಇರುತ್ತೇನೆ, ಕೆಟ್ಟರೆ ಗೋವಾಕ್ಕೆ ಹೋಗುತ್ತೇನೆ ಅಂದರು. ಹೋಗಿ ಬನ್ನಿ ಅಂತ ಆರತಿ ಎತ್ತುವ ಸೊಸೆ ನಾನಲ್ಲ. ಈ ಕೆಲಸ ಹೇಗೆ ಕೆಡುತ್ತದೆ ನೋಡೋಣ ಎಂದು ಸೆರಗು ಸಿಕ್ಕಿಸಿ ಕೂತೆ.

ಮೊದಲ ಪ್ರಶ್ನೆಯೇ ಸೀಲಂಟಿನದು. ಹಾಳೆಗಳು ಸಾಂಗ್ಲಿಯಲ್ಲಿ ಸಿಗುತ್ತಿದ್ದವು, ಡಾಂಬರು ಎಲ್ಲಿಯಾದರೂ ಸಿಗುತ್ತಿತ್ತು. ಸೀಲಂಟ್ ಮಾತ್ರ ಪುಣೆಯಿಂದ ಬರಬೇಕು, ಹೇಳಿ ಕಳಿಸಿದರೆ ಹತ್ತು ಹನ್ನೆರಡು ದಿನ. ಕಡಿಮೆ ತರಿಸಿದರೆ ನಡುವೆ ಕೆಲಸ ನಿಲ್ಲುತ್ತದೆ, ದ್ರಾಕ್ಷಿ ಕಾಯುವುದಿಲ್ಲ. ಹೆಚ್ಚು ತರಿಸಿದರೆ ಡಬ್ಬಿ ಒಡೆದ ಮೇಲೆ ವಾಪಸು ಯಾರೂ ತೆಗೆದುಕೊಳ್ಳುವುದಿಲ್ಲ, ಹೊಸಬನಿಗೆ ಅಂದಾಜೇ ಗೊತ್ತಿಲ್ಲ ಅನ್ನಿಸಿಕೊಳ್ಳಬೇಕು.

ನಮ್ಮವರು ಎಂಟು ಡಬ್ಬಿ ಅಂದರು. ಹೇಗೆ ಅಂತ ಕೇಳಿದೆ. ಇಷ್ಟು ಗೋಡೆಗೆ ಇಷ್ಟು ಡಬ್ಬಿ ಅಂತ ಕೈಗೆ ರೂಢಿಯಾಗಿದೆ, ರತ್ನಾಗಿರಿಯಲ್ಲಿ ಹಾಗೇ ಮಾಡಿದ್ದೇವೆ ಅಂದರು. ಗೋಡೆಗೆ ಸುಣ್ಣ ಹಚ್ಚಿದ ಹಾಗೆ! ಸೀಲಂಟ್ ಹೋಗುವುದು ಗೋಡೆಗಲ್ಲ, ಸಂದಿಗೆ. ಸಂದಿ ಎಷ್ಟು ಉದ್ದ ಇದೆ ಅಂತ ಯಾರಾದರೂ ಅಳೆದಿದ್ದಾರೆಯೇ ಅಂದೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲವಂತೆ. ನನಗೆ ಆ ರಾತ್ರಿಯ ಅಡುಗೆಯೂ ನೆನಪಾಗಲಿಲ್ಲ, ಮಗಳ ಪಾಟಿಯನ್ನು ಕಸಿದುಕೊಂಡು ಲೆಕ್ಕಕ್ಕೆ ಕೂತೆ.

ಕೋಣೆ ಮೂವತ್ತು ಫೂಟು ಉದ್ದ, ಇಪ್ಪತ್ತು ಅಗಲ, ಹನ್ನೆರಡು ಎತ್ತರ. ಹಾಳೆ ಮೂರು ಫೂಟು ಉದ್ದ, ಒಂದೂವರೆ ಅಗಲ. ನಾಲ್ಕು ಗೋಡೆ ಮತ್ತು ಮೇಲಿನ ಮಾಡಿಗೆ ಒಂದು ಪದರಕ್ಕೆ ಸರಿಯಾಗಿ ನಾನೂರು ಹಾಳೆ, ಎರಡು ಪದರಕ್ಕೆ ಎಂಟುನೂರು. ಒಂದು ಹಾಳೆಯ ಸುತ್ತ ಒಂಬತ್ತು ಫೂಟು. ಎಂಟುನೂರನ್ನು ಒಂಬತ್ತರಿಂದ ಗುಣಿಸಿದೆ, ಏಳು ಸಾವಿರದ ಎರಡುನೂರು ಫೂಟು ಸಂದಿ. ನನಗೇ ಗಾಬರಿಯಾಯಿತು. ಒಂದು ಕೋಣೆಯೊಳಗೆ ಇಷ್ಟುದ್ದ ಸಂದಿ ಮಡಚಿಕೊಂಡು ಕೂತಿರುತ್ತದೆ ಅಂತ ಯಾರಿಗೆ ಗೊತ್ತು?

ಇನ್ನು ಒಂದು ಫೂಟಿಗೆ ಎಷ್ಟು ಮುದ್ದೆ ಹಿಡಿಯುತ್ತದೆ ಅನ್ನುವುದು ತಿಳಿಯಬೇಕು. ನಮ್ಮವರು ಮಾದರಿಗೆಂದು ತಂದಿದ್ದ ಎರಡು ಹಾಳೆಗಳನ್ನು ಹಿತ್ತಲಲ್ಲಿ ನಿಲ್ಲಿಸಿದೆ. ಹಾಳೆಗಳ ಅಂಚು ಎಂದೂ ಪೂರ್ತಿ ಕೂಡುವುದಿಲ್ಲ, ಪಾಟಿ ಬಳಪದ ದಪ್ಪ ಸಂದಿ ಉಳಿದೇ ಉಳಿಯುತ್ತದೆ ಎಂದು ಅವರು ಹೇಳಿದ್ದರು. ನಡುವೆ ಬಳಪದ ಚೂರುಗಳನ್ನಿಟ್ಟು ಅಷ್ಟೇ ಸಂದಿ ಮಾಡಿ, ರೊಟ್ಟಿಗೆ ನಾದಿದ ಜೋಳದ ಹಿಟ್ಟನ್ನು ಬಟ್ಟಲಿನಲ್ಲಿ ಅಳೆದು ತುಂಬಿದೆ. ಒಂದು ಬಟ್ಟಲು ಹಿಟ್ಟು ಎರಡೂವರೆ ಫೂಟಿಗೆ ಬಂತು. ಸೀಲಂಟಿನ ಡಬ್ಬಿಯ ಅಳತೆಯದೇ ಒಂದು ಖಾಲಿ ಬಣ್ಣದ ಡಬ್ಬಿ ಮನೆಯಲ್ಲಿತ್ತು, ಅದಕ್ಕೆ ಬಟ್ಟಲಿನಿಂದ ನೀರು ಹಾಕುತ್ತಾ ಎಣಿಸಿದೆ, ನೂರು ಬಟ್ಟಲು. ಅಂದರೆ ಒಂದು ಡಬ್ಬಿಗೆ ಇನ್ನೂರೈವತ್ತು ಫೂಟು. ಹಿತ್ತಲ ಗೋಡೆಯ ಮೇಲೆ ಕೂತಿದ್ದ ಪಕ್ಕದ ಮನೆಯ ಕೋಳಿ ಸಂದಿಯೊಳಗಿನ ಹಿಟ್ಟನ್ನೆಲ್ಲ ಕುಕ್ಕಿ ತಿಂದು, ಮಾದರಿಯ ಹಾಳೆಯನ್ನೂ ಕೆಡಿಸಿತು. ಇರಲಿ, ನನ್ನ ಲೆಕ್ಕ ಅಷ್ಟರಲ್ಲಿ ಮುಗಿದಿತ್ತು.

ಇಪ್ಪತ್ತೊಂಬತ್ತು ಡಬ್ಬಿ! ಅವರು ಎಂಟು, ನಾನು ಇಪ್ಪತ್ತೊಂಬತ್ತು. ನನಗೆ ತಲೆ ಕೆಟ್ಟಿದೆ ಅಂದರು. ನಿಮಗೆ ಕೆಡಲು ತಲೆಯೇ ಇಲ್ಲ ಅಂದೆ. ಎರಡು ದಿನ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ, ಉಪ್ಪು ಬೇಕಾದರೂ ಮಗಳ ಕಡೆಯಿಂದ ಕೇಳಿಸುವುದು.

ಅತ್ತೆ ಈ ಜಗಳವನ್ನೆಲ್ಲ ಕೌದಿ ಹೊಲಿಯುತ್ತಾ ಕೇಳಿಸಿಕೊಂಡರು. ಊರಿನಲ್ಲಿ ಯಾರಿಗೆ ಬಾಣಂತನವಾದರೂ ಹಳೆ ಸೀರೆ, ಧೋತರದ ಚೂರುಗಳು ನಮ್ಮ ಮನೆಗೆ ಬರುತ್ತಿದ್ದವು. ಅವನ್ನು ಕತ್ತರಿಸಿ, ಜೋಡಿಸಿ, ಕೂಸಿಗೆ ಕೌದಿ ಮಾಡಿ ಕೊಡುತ್ತಿದ್ದರು. ಅಕ್ಷರ ಬರುತ್ತಿರಲಿಲ್ಲ. ಆದರೆ ಇಷ್ಟು ಕೌದಿಗೆ ಇಷ್ಟು ಉಂಡೆ ದಾರ ಅಂತ ಮೊದಲೇ ಹೇಳಿ ತರಿಸುವವರು, ಮೊಳ ದಾರವೂ ಮಿಗುತ್ತಿರಲಿಲ್ಲ. ಮೂರನೆಯ ದಿನ ನನ್ನನ್ನು ಹತ್ತಿರ ಕರೆದು, ಕೌದಿಯನ್ನು ತೊಡೆಯ ಮೇಲೆ ಹರಡಿ, ಎರಡು ತುಂಡುಗಳ ನಡುವೆ ಬೆರಳಿಟ್ಟರು.

“ಈ ಹೊಲಿಗಿ ಯಾವ ತುಂಡಿಂದವಾ? ಇದರದೋ, ಅದರದೋ?”

ಎರಡರದೂ ಅಂದೆ.

“ಎರಡರದೂ ಒಂದ ಹೊಲಿಗಿ. ಮತ್ತ ನೀ ದಾರ ಎರಡು ಸಲ ಯಾಕ ತರಸ್ತಿ?”

ನಾನು ಪೆಚ್ಚಾದೆ. ಈ ಹಾಳೆಯ ಸುತ್ತ ಎಣಿಸುವಾಗ ಆ ಸಂದಿಯನ್ನು ಎಣಿಸಿದ್ದೆ, ಪಕ್ಕದ ಹಾಳೆಗೆ ಹೋದಾಗ ಅದೇ ಸಂದಿಯನ್ನು ಮತ್ತೆ ಎಣಿಸಿದ್ದೆ. ಎಣಿಸುವುದನ್ನೇ ಬದುಕು ಮಾಡಿಕೊಂಡವಳು ಇಂಥ ಕಡೆ ಮುಗ್ಗರಿಸಿದ್ದೆ. ಹಿಂದೆ ನಿಂತು ನಮ್ಮವರು ನಗತೊಡಗಿದರು. ಅತ್ತೆ ಅವರನ್ನೂ ಬಿಡಲಿಲ್ಲ, ನಿನಗೇನು ಹಲ್ಲು ಕಾಣಿಸುವಂಥಾದ್ದಾಗಿದೆ ಎಂದು ಕೂರಿಸಿಕೊಂಡು, ರತ್ನಾಗಿರಿಯ ಹಾಳೆ ಎಷ್ಟು ದೊಡ್ಡದಿತ್ತು ಅಂತ ಕೇಳಿದರು. ಆರು ಫೂಟು, ಮೂರು ಫೂಟು. ಇಲ್ಲಿನ ಹಾಳೆ ಅದರ ಕಾಲು ಭಾಗ. ದೊಡ್ಡ ಸೀರೆಯ ತುಂಡಾದರೆ ನಾಲ್ಕು ಹೊಲಿಗೆಗೆ ಮುಗಿಯುತ್ತದೆ, ಅದೇ ಜಾಗಕ್ಕೆ ಕುಪ್ಪಸದ ಚೂರು ಜೋಡಿಸಿದರೆ ಸೂಜಿಗೆ ಬಿಡುವಿಲ್ಲ, ಇಷ್ಟೂ ತಿಳಿಯದೆ ಆರು ವರ್ಷ ಏನು ಕೆಲಸ ಮಾಡಿದೆಯೋ ಅಂದರು. ನಮ್ಮವರ ನಗು ಅಲ್ಲಿಗೆ ನಿಂತಿತು.

ಕೂತು ಮತ್ತೆ ಲೆಕ್ಕ ಹಾಕಿದೆ. ನನ್ನದರ ಅರ್ಧ, ಅಂದರೆ ಮೂರು ಸಾವಿರದ ಆರುನೂರು ಫೂಟು, ಹದಿನೈದು ಡಬ್ಬಿಗೆ ಒಂದಿಷ್ಟು ಕಡಿಮೆ. ಬಾಗಿಲು, ಪೈಪಿನ ತೂತು, ಮೂಲೆಗಳಿಗೆಂದು ಒಂದು ಸೇರಿಸಿ ಹದಿನಾರು. ನಮ್ಮವರು ಪುಣೆಗೆ ಹದಿನಾರು ಅಂತ ಹೇಳಿ ಕಳಿಸಿದರು. ಆ ಸಂಖ್ಯೆಯ ಮೇಲೆ ನನಗೆ ಎಂಥ ಪ್ರೀತಿ ಬಂತೆಂದರೆ, ಡಬ್ಬಿಗಳು ಬಂದು ಇಳಿದ ದಿನ ಒಂದೊಂದರ ಮುಚ್ಚಳ ಮುಟ್ಟಿ ಎಣಿಸಿ ಬಂದೆ.

ಏಪ್ರಿಲ್‌ನಲ್ಲಿ ಕೆಲಸ ಶುರುವಾಯಿತು. ನಮ್ಮವರು ಮತ್ತು ಇಬ್ಬರು ಆಳುಗಳು ಡಾಂಬರು ಕಾಯಿಸಿ ಹಾಳೆ ಹಚ್ಚುವುದು, ಹಿಂದಿನಿಂದ ತೋಟದ ಐದು ಮಂದಿ ಹೆಣ್ಣಾಳುಗಳು ಸಂದಿ ತುಂಬುವುದು. ಕೋಣೆ ತಂಪು ಮಾಡುವ ಯಂತ್ರ ಕೂರಿಸಲು ಮಿರಜದ ಮಿಸ್ತ್ರಿ ಹನ್ನೊಂದು ದಿನಕ್ಕೆ ಬರುವವನಿದ್ದ. ಅವನು ಬರುವುದರೊಳಗೆ ಎರಡೂ ಪದರ ಮುಗಿಯಬೇಕು. ಐದನೆಯ ದಿನ ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಮ್ಮವರ ಚೀಟಿ ಬಂತು. ಹತ್ತು ಡಬ್ಬಿ ಮುಗಿದಿದೆ, ಗೋಡೆಗಳ ಮೊದಲ ಪದರ ಮಾತ್ರ ಆಗಿದೆ, ನಿನ್ನ ಲೆಕ್ಕ ತಪ್ಪಿದೆ. ಇಷ್ಟೇ ಇತ್ತು.

ಗೋಡೆಗಳ ಒಂದು ಪದರಕ್ಕೆ ಐದು ಡಬ್ಬಿ ಸಾಕು. ಇನ್ನೈದು ಎಲ್ಲಿ ಹೋಯಿತು? ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಬೆಳಗಿನ ಮೊದಲ ಬಸ್ಸು ಹಿಡಿದೆ. ಕುಡಚಿಯ ಹತ್ತಿರ ಕೃಷ್ಣೆಯ ಸೇತುವೆ ದಾಟುವಾಗ ಹೆಂಗಸರೆಲ್ಲ ಹೊಳೆಗೆ ಕೈ ಮುಗಿದರು, ನಾನು ಬೆರಳು ಮಡಚಿ ಗುಣಾಕಾರ ಮಾಡುತ್ತಿದ್ದೆ. ಕಾಗವಾಡದಲ್ಲಿ ಬಸ್ಸು ಬದಲಿಸುವವರೆಗೆ ನಾಲ್ಕು ಸಲ ಲೆಕ್ಕ ಹಾಕಿದ್ದಾಯಿತು, ನಾಲ್ಕು ಸಲವೂ ಹದಿನಾರೇ ಬಂತು.

ತೋಟ ಮುಟ್ಟಿದಾಗ ಅಣ್ಣಾರು ಒಣದ್ರಾಕ್ಷಿಯ ಚಪ್ಪರದ ಕೆಳಗೆ ನಿಂತಿದ್ದರು. ಒಂದು ಹಿಡಿ ಎತ್ತಿ ನನ್ನ ಕೈಗೆ ಹಾಕಿ, ಬಣ್ಣ ನೋಡಿರಿ ಅಂದರು. ಇನ್ನೂ ಹಸಿರು ಇತ್ತು, ತುದಿಯಲ್ಲಿ ಮಾತ್ರ ಕಂದು ಮುಟ್ಟಿತ್ತು. ಅವರು ದನಿ ಎತ್ತಲಿಲ್ಲ. ವಾರ ಕಾಯುತ್ತದೆ, ಅದಕ್ಕೂ ಹೆಚ್ಚಿಗೆ ಕಾಯುವುದಿಲ್ಲ, ಮೂರು ವರ್ಷ ಬಳ್ಳಿ ಬೆಳೆಸಿದ್ದು ಇದಕ್ಕೇ ಅಂದರು. ಅವರು ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ನಮ್ಮವರ ಜೊತೆ ಮಾತಾಡದೆ ಮೊದಲು ಖಾಲಿ ಡಬ್ಬಿ ಎಣಿಸಿದೆ. ಹತ್ತು, ಸರಿ. ತಳ ನೋಡಿದೆ, ಬೆರಳು ಹಾಕಿ ಒರೆಸಿದಷ್ಟು ಚೊಕ್ಕ. ಒಂದು ಗೋಡೆಯ ಹಾಳೆ ಎಣಿಸಿದೆ, ಸರಿ. ಮೂಲೆಯಲ್ಲಿ ಇನ್ನೂ ತುಂಬದೆ ಉಳಿದಿದ್ದ ಸಂದಿಗೆ ಬಳಪದ ಚೂರು ಹಾಕಿ ನೋಡಿದೆ, ಸರಿಯಾಗಿ ಕೂತಿತು. ಎಲ್ಲ ಸರಿ ಇದ್ದ ಮೇಲೆ ಐದು ಡಬ್ಬಿ ಮುದ್ದೆಯನ್ನು ಗೋಡೆ ನುಂಗಿತೇ? ನಾನು ಕೋಣೆಯ ನಡುವೆ ಕಾಲು ಚಾಚಿ ಕೂತು, ಹೆಂಗಸರು ಕೆಲಸ ಮಾಡುವುದನ್ನು ಸುಮ್ಮನೆ ನೋಡತೊಡಗಿದೆ.

ಅವರಲ್ಲಿ ಹಿರಿಯಳೊಬ್ಬಳಿದ್ದಳು, ಎಲ್ಲರೂ ಆಯಿ ಅನ್ನುತ್ತಿದ್ದರು. ಎಂಥ ಕೈ ಅದು! ಮುದ್ದೆಯನ್ನು ಹೊಸೆದು, ಸಂದಿಗೆ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಒಳಗೆ ಕಳಿಸುತ್ತಿದ್ದಳು, ಒಂದು ಗುಳ್ಳೆ ಉಳಿಯುತ್ತಿರಲಿಲ್ಲ. ಆಮೇಲೆ ಇನ್ನೊಂದು ಮುದ್ದೆ ತೆಗೆದುಕೊಂಡು, ಅಂಗೈಯಿಂದ ಸಂದಿಯ ಆಚೆಗೆ ನಾಲ್ಕು ಬೆರಳು, ಈಚೆಗೆ ನಾಲ್ಕು ಬೆರಳು ಸಾರಿಸುತ್ತಿದ್ದಳು. ಉಳಿದ ನಾಲ್ವರೂ ಅದೇ. ತಲೆಯೆತ್ತಿ ಗೋಡೆ ನೋಡಿದೆ. ಬಿಳಿ ಗೋಡೆಯ ತುಂಬ ಅಂಗೈ ಅಗಲದ ಕರಿ ಪಟ್ಟೆಗಳು. ನನ್ನ ಲೆಕ್ಕದಲ್ಲಿ ಸಂದಿಯ ಉದ್ದ ಇತ್ತು, ಆಳ ಇತ್ತು, ಅವರ ಅಂಗೈ ಇರಲಿಲ್ಲ.

ನನ್ನ ಸಿಟ್ಟಿನ ಬಾಯಿಗೆ ಬೀಗವಿಲ್ಲ. ಯಾರು ಹೇಳಿದ್ದು ನಿಮಗೆ ಹೀಗೆ ಮೆತ್ತಲು, ಇದೇನು ಅಂಗಳ ಸಾರಿಸುವ ಸಗಣಿಯೇ ಎಂದು ಐವರನ್ನೂ ಒಟ್ಟಿಗೆ ಜಾಡಿಸಿದೆ. ಹೊರಗೆ ಡಾಂಬರಿನ ಒಲೆಯ ಮುಂದಿದ್ದ ನಮ್ಮವರು ಓಡಿ ಬಂದರು. ಆಯಿ ಕೈ ಕೆಳಗಿಳಿಸಿ ನನ್ನನ್ನು ನೋಡಿದಳು.

“ಯಾರೂ ಹೇಳಿಲ್ಲ ತಂಗಿ. ಕಣಜಕ್ಕ ಹಿಂಗ ಸಾರಸ್ತೀವಿ. ಬರೇ ಸಂದ್ಯಾಗಷ್ಟ ತುಂಬಿದ್ರ ನುಸಿ ಹೊಕ್ಕೊಂತಾವು. ಮಾಲು ಇಡು ಕ್ವಾಣಿ ಅಂದ್ರಲ್ಲ?”

ಹೌದು, ನಮ್ಮವರು ಅವರಿಗೆ ಹೇಳಿದ್ದು ಇಷ್ಟೇ: ಒಳಗೆ ಮಾಲು ಇಡುವ ಕೋಣೆ, ಇರುವೆ ಹೋಗದ ಹಾಗೆ ಮುಚ್ಚಿರಿ. ಆ ಹೆಂಗಸರು ಹುಟ್ಟಿದಾಗಿನಿಂದ ಬಿದಿರಿನ ಕಣಜಕ್ಕೆ ಸಗಣಿ ಮಣ್ಣು ಕಲಸಿ ಮೆತ್ತಿದವರು. ಹೆಣಿಗೆಯ ಸಂದಿ ಮುಚ್ಚಿದ ಮೇಲೆ ಅದರ ಆಜೂಬಾಜೂ ನಾಲ್ಕು ಬೆರಳು ಸಾರಿಸದೆ ಬಿಟ್ಟರೆ ಅತ್ತೆಯಂದಿರಿಂದ ಬೈಸಿಕೊಂಡವರು. ಅವರ ಕೈಗೆ ಸಂದಿ ಮುಚ್ಚುವುದು ಅಂದರೆ ಅದೇ. ನಮ್ಮವರು ಆ ಪಟ್ಟೆಗಳನ್ನು ದಿನಾ ನೋಡಿದ್ದರು, ನೋಡಿ ಎಷ್ಟು ಚೆಂದ ಮಾಡಿದ್ದಾರೆ ಅಂತ ಹಿಗ್ಗಿದ್ದರು! ಜೋಳದ ಹಿಟ್ಟನ್ನು ನಾನೇ ನನ್ನ ಕೈಯಿಂದ ತುಂಬಿ ಅಳೆದಿದ್ದೆ, ತುಂಬುವವರು ಬೇರೆ ಅನ್ನುವುದು ನನಗೂ ಹೊಳೆದಿರಲಿಲ್ಲ. ಆ ಮುದುಕಿಗೆ ಬೈದದ್ದಕ್ಕೆ ನನಗೆ ನಾಚಿಕೆಯಾಯಿತು, ಅವತ್ತೇ ಹೇಳಲಿಲ್ಲ, ಹೇಳಬೇಕಾಗಿತ್ತು.

ಉಳಿದದ್ದು ಆರು ಡಬ್ಬಿ, ಬೇಕಾದದ್ದು ಹತ್ತು. ನಮ್ಮವರು ಗೋಡೆಗೆ ಒರಗಿ ಕೂತುಬಿಟ್ಟರು. ಪುಣೆಯಿಂದ ಬರುವಷ್ಟರಲ್ಲಿ ದ್ರಾಕ್ಷಿ ಮುಗಿಯುತ್ತದೆ, ಗುತ್ತಿಗೆದಾರರಿಗೆ ಗೋವಾಕ್ಕೆ ಬರುತ್ತೇನೆ ಅಂತ ಬರೆಯುತ್ತೇನೆ ಅಂದರು. ನಾನು ಎದ್ದು ಹೋಗಿ ಒಂದು ಪಟ್ಟೆಗೆ ಉಗುರು ಹಾಕಿದೆ. ಐದು ದಿನದ ಹಿಂದೆ ಬಳಿದದ್ದು, ಇನ್ನೂ ಮೆತ್ತಗಿತ್ತು. ಇದು ಯಾವಾಗ ಒಣಗುತ್ತದೆ ಅಂತ ಕೇಳಿದೆ. ಒಣಗುವುದೇ ಇಲ್ಲ, ಮೇಣದ ಹಾಗೆ ಇರುತ್ತದೆ, ಅದಕ್ಕೇ ಅಲ್ಲವೇ ಸಂದಿ ಬಿರಿಯದಿರುವುದು ಅಂದರು. ಅಂದವರೇ ತಲೆಯೆತ್ತಿ ನನ್ನ ಉಗುರನ್ನು ನೋಡಿದರು.

ನನಗಿಂತ ಮೊದಲು ಆಯಿ ಎದ್ದಳು. ಮನೆಗೆ ಹೋಗಿ ರೊಟ್ಟಿ ಮಗುಚುವ ತಗಡು ತಂದು, ತಾನೇ ಸಾರಿಸಿದ ಪಟ್ಟೆಯನ್ನು ತಾನೇ ಕೆರೆಯತೊಡಗಿದಳು. ಅರ್ಧ ತಾಸಿನಲ್ಲಿ ಐವರ ಕೈಯಲ್ಲೂ ತಗಡು, ನನಗೂ ಒಂದು ಸಿಕ್ಕಿತು. ಹೇಗೂ ಕೆರೆಯಲೇಬೇಕಿತ್ತಂತೆ, ಅಷ್ಟು ದಪ್ಪ ಪಟ್ಟೆಗಳ ಮೇಲೆ ಎರಡನೆಯ ಪದರ ಸಮನಾಗಿ ಕೂರುತ್ತಿರಲಿಲ್ಲ, ಅದು ನಮ್ಮವರಿಗೆ ಆಮೇಲೆ ಹೊಳೆಯಿತು. ಕೆರೆದದ್ದರಲ್ಲಿ ಥರ್ಮಾಕೋಲಿನ ಬಿಳಿ ಕಾಳು ಸೇರಿಕೊಂಡಿತ್ತು. ಸೀಮೆಎಣ್ಣೆ ಹಾಕಿ ಕಲಸಿದರೆ ಮೆತ್ತಗಾಗುತ್ತದೆ ಅಂತ ಒಬ್ಬ ಆಳು ಡಬ್ಬ ತಂದ. ನಮ್ಮವರು ಅವನ ಕೈ ಹಿಡಿದು ನಿಲ್ಲಿಸಿ, ಒಂದು ಥರ್ಮಾಕೋಲ್ ಚೂರಿನ ಮೇಲೆ ಹನಿ ಸೀಮೆಎಣ್ಣೆ ಬಿಟ್ಟು ತೋರಿಸಿದರು. ಕಣ್ಣೆದುರೇ ಚೂರು ಕುಗ್ಗಿ ತೂತು ಬಿತ್ತು. ನಾವೆಲ್ಲ ಕೆಲಸ ಬಿಟ್ಟು ಅದನ್ನೇ ನೋಡಿದೆವು, ನಾನಂತೂ ಇನ್ನೊಂದು ಹನಿ ಹಾಕಿರಿ ಅಂದೆ. ಆಮೇಲೆ ಮುದ್ದೆಯನ್ನು ಪತ್ರಾಸಿನ ತಗಡಿನ ಮೇಲೆ ಹರಡಿ ಬಿಸಿಲಿಗಿಟ್ಟು, ಬಿಳಿ ಕಾಳು ಆರಿಸಿದೆವು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಸೀಮೆಎಣ್ಣೆಯ ಹಂಗೇನಿಲ್ಲ.

ಎರಡು ದಿನ ಕೆರೆದೆವು. ಅಣ್ಣಾರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಹಾಗಾಗಿ ಸಂಜೆ ಬಿಸಿಲು ಇರುವಾಗಲೇ ಎಲ್ಲರನ್ನೂ ಕರೆದು ಬಡಿಸುತ್ತಿದ್ದರು. ಕೈಯ ಕರಿ ಹೋಗುತ್ತಿರಲಿಲ್ಲ, ಅಣ್ಣಾರ ತಾಯಿಯೇ ನಮಗೆಲ್ಲ ರೊಟ್ಟಿಯ ಮೇಲೆ ಪಲ್ಯ ಹಾಕಿ ಕೈಗೆ ಕೊಡುತ್ತಿದ್ದರು. ಕೊನೆಗೆ ಪತ್ರಾಸಿನ ಮೇಲಿನದನ್ನು ಖಾಲಿ ಡಬ್ಬಿಗೆ ತುಂಬಿದೆ. ಮೂರು ತುಂಬಿ, ನಾಲ್ಕನೆಯದು ಮುಕ್ಕಾಲಾಯಿತು.

ಇನ್ನು ಪಟ್ಟೆ ಇಲ್ಲದೆ ತುಂಬಬೇಕು. ಆಯಿಗೆ ಅದು ಬಹಳ ಕಷ್ಟವಾಯಿತು. ಹೆಬ್ಬೆರಳು ಒತ್ತಿದ ಕೂಡಲೇ ಅಂಗೈ ತಾನಾಗಿಯೇ ಮೇಲೇಳುತ್ತಿತ್ತು, ಅದನ್ನು ಎಡಗೈಯಿಂದ ಹಿಡಿದು ಇಳಿಸುತ್ತಿದ್ದಳು, ಇಳಿಸಿ ನಗುತ್ತಿದ್ದಳು. ಬಾಗಿಲ ಚೌಕಟ್ಟು ಮತ್ತು ಪೈಪಿನ ತೂತಿನ ಹತ್ತಿರ ಬಂದಾಗ ನಮ್ಮವರು, ಇಲ್ಲಿ ನಿಮ್ಮ ಕಣಜದ ಹಾಗೇ ಮಾಡಿರಿ, ಇಲ್ಲಿ ಅದೇ ಸರಿ ಅಂದರು. ಆಯಿ ನನ್ನ ಕಡೆ ತಿರುಗಿ ನೋಡಿ, ಕೈ ತುಂಬ ಮುದ್ದೆ ತೆಗೆದುಕೊಂಡಳು. ಮಿಸ್ತ್ರಿ ಬರುವ ದಿನ ಬೆಳಿಗ್ಗೆ ಮಾಡಿನ ಕೊನೆಯ ಸಂದಿಗೆ ಬಂದಾಗ ಡಬ್ಬಿಯ ತಳವನ್ನು ಬೆರಳಿನಿಂದ ಒರೆಸಿ ಒರೆಸಿ ಸಾಲಿಸಿದೆವು.

ಯಂತ್ರ ಓಡಿತು. ದ್ರಾಕ್ಷಿ ಒಳಗೆ ಹೋಯಿತು. ಮೂರು ದಿನ ಅಣ್ಣಾರು ಎದ್ದ ಕೂಡಲೇ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದರು, ನಾಲ್ಕನೆಯ ದಿನ ನೋಡುವುದನ್ನು ಬಿಟ್ಟರು. ಗೋಡೆ ಬೆವರಲಿಲ್ಲ. 

ಮನೆಗೆ ಬಂದು ನಮ್ಮವರು ಕನ್ನಡಿಯ ಹಿಂದಿನ ಚೀಟಿ ತೆಗೆದು ಒಲೆಗೆ ಹಾಕಿದರು. ಆ ವರ್ಷದ ಮಳೆಗಾಲ ಪೂರ್ತಿ ಅವರು ಮನೆಯಲ್ಲಿದ್ದರು. ಸಂಜೆ ನಾಲ್ಕು ಮಂದಿ ಕೂತು ಉಂಡೆವು. ನಾನು ಕೇಳಿದ್ದು ಅಷ್ಟೇ, ಅದು ಸಿಕ್ಕಿತು. ಸಿಕ್ಕಿದ ಮೇಲೆ ಸುಮ್ಮನಿರಬೇಕಲ್ಲ.

ದೀಪಾವಳಿ ಮುಂದೆ ಅಣ್ಣಾರ ದ್ರಾಕ್ಷಿ ಹಚ್ಚ ಹಸಿರಾಗಿ ಹೊರಬಂದದ್ದೇ ತಡ, ಅವರ ಬೀಗರು, ಬೀಗರ ಬೀಗರು, ವಿಜಾಪುರದ ಕಡೆಯವರೆಲ್ಲ ನಮ್ಮ ಮನೆ ಹುಡುಕಿಕೊಂಡು ಬಂದರು. ನಮ್ಮವರು ಯಾರಿಗೂ ಹೂಂ ಅನ್ನದೆ, ಅವರು ಹೋದ ಮೇಲೆ ಒಳಗೆ ಬಂದು ನನ್ನ ಮುಂದೆ ಕೂತರು.

“ನೀ ಬಂದ್ರ ಹಿಡೀತೇನಿ. ನನಗ ಎಣಸಾಕ ಬರೂದಿಲ್ಲ.”

ಆರು ವರ್ಷದಲ್ಲಿ ಅವರು ತಮಗೆ ಬರುವುದಿಲ್ಲ ಅಂದದ್ದು ಅದೊಂದೇ ಸಲ. ನಾನು ಅತ್ತೆಯ ಮುಖ ನೋಡಿದೆ, ಹೋಗಿ ಬಾ, ಕೂಸನ್ನು ನಾನು ನೋಡಿಕೊಳ್ಳುತ್ತೇನೆ ಅಂದರು. ಸುಳ್ಳು ಯಾಕೆ ಹೇಳಲಿ, ನನಗೆ ಹೋಗುವ ಆಸೆ ಗಂಟಲಿಗೆ ಬಂದಿತ್ತು. ಇಳಿಜಾರು ಮಾಡಿನ ಕೋಣೆಯಂತೆ, ನಡುವೆ ನಾಲ್ಕು ಕಂಬಗಳಂತೆ. ಕಂಬದ ಸುತ್ತಿನ ಸಂದಿ ಎಷ್ಟಾದೀತು, ಅಲ್ಲಿನ ಹೆಂಗಸರ ಕೈ ಹೇಗಿದ್ದೀತು ಅಂತ ಹೋಗುವ ಮೊದಲೇ ಎಣಿಸತೊಡಗಿದ್ದೆ. ಹದಿನೈದು ದಿನದ ಕೆಲಸ ಅಂತ ವಿಜಾಪುರದ ಕಡೆಗೆ ಹೋದೆವು. ಅದರ ಪಕ್ಕದಲ್ಲಿ ಇನ್ನೊಂದು ಸಿಕ್ಕಿತು. ಅಲ್ಲಿ ನನ್ನ ಅಂದಾಜು ಅರ್ಧ ಡಬ್ಬಿಯೂ ಆಚೀಚೆ ಆಗಲಿಲ್ಲ, ಇಡೀ ತೋಟ ಬಂದು ನನ್ನನ್ನು ನೋಡಿ ಹೋಯಿತು. ಆ ದಿನಗಳಲ್ಲಿ ನಾನು ಎಣಿಸದೆ ಇದ್ದದ್ದು ದಿನಗಳನ್ನು ಮಾತ್ರ. ಮನೆಗೆ ಹೊರಟಾಗ ನಾಲ್ಕು ತಿಂಗಳಾಗಿತ್ತು.

ಮಧ್ಯಾಹ್ನ ಮನೆ ಮುಟ್ಟಿದೆವು. ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಮಗಳು ಪಡಸಾಲೆಯಲ್ಲಿ ಆಡುತ್ತಿದ್ದಳು, ಎತ್ತರವಾಗಿದ್ದಳು, ಕಿವಿ ಚುಚ್ಚಿಸಿದ್ದರು. ನಮ್ಮಿಬ್ಬರನ್ನೂ ನೋಡಿ ಎದ್ದು ನಿಂತಳು. ನಾನು ಕೈ ಚಾಚಿದೆ. ಅವಳು ಒಳಗೆ ಹೋಗಿ, ತಂಬಿಗೆಯಲ್ಲಿ ನೀರು, ಇನ್ನೊಂದು ಕೈಯಲ್ಲಿ ಬೆಲ್ಲದ ಚೂರು ಹಿಡಿದು, ತುಳುಕದ ಹಾಗೆ ಹೆಜ್ಜೆ ಇಟ್ಟು ಬಂದಳು. ಮನೆಗೆ ಬಂದವರಿಗೆ ಹಾಗೆ ಕೊಡಬೇಕೆಂದು ಅತ್ತೆ ಕಲಿಸಿದ್ದರು. ಎರಡನ್ನೂ ನನ್ನ ಮುಂದಿಟ್ಟು, ಅಜ್ಜಿ ಹಿತ್ತಲದಾಗ ಅದಾಳ, ಕುಂದರ್ರಿ, ನೀರು ಕುಡೀರಿ, ಆಮ್ಯಾಲ ಕರೀತೇನಿ ಅಂದಳು.

ನಮ್ಮವರು ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತರು. ನಾನು ಕೂತೆ. ಬಂದವರು ಕುಡಿದು ಮುಗಿಸಿದ ಮೇಲೆ ತಂಬಿಗೆ ತೆಗೆದುಕೊಂಡು ಹೋಗಬೇಕಲ್ಲ, ಅದಕ್ಕೆ ಅವಳು ನನ್ನ ಹತ್ತಿರವೇ ಕೈ ಕಟ್ಟಿ ನಿಂತಿದ್ದಳು. ನಾನು ಒಂದೊಂದೇ ಗುಟುಕು, ಬಹಳ ಹೊತ್ತು ಕುಡಿದೆ.